ಪೋಷಕರು ಸಹಕರಿಸಲ್ಲ ಅನ್ನೋ ಮಾತಿಗೆ
ವಿಶೇಷ ಚೇತನ ಮಕ್ಕಳ ಪೋಷಕರು ಶಾಲೆಗೆ ಸಹಕರಿಸುವುದಿಲ್ಲ ಎಂದು ಬರೆದಿದ್ದೀರಿ. ನನ್ನ ಮಗನಿಗೆ ಆಟಿಸಂ. ಯುಡಿಐಡಿ ಕಾರ್ಡ್ (ವಿಶೇಷ ಚೇತನರ ಗುರುತಿನ ಚೀಟಿ), ಡಾಕ್ಟರ್ ಚೀಟಿ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಅಲೆದಿದ್ದೇನೆ. ಹೋದಲ್ಲೆಲ್ಲ ಅವನ ಕತೆ ಮೊದಲಿನಿಂದ ಹೇಳಬೇಕು. ಸುಸ್ತಾಗುತ್ತದೆ, ಅಷ್ಟೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 6ರಿಂದ 18 ವರ್ಷದವರೆಗೆ ಇಂಥ ಮಕ್ಕಳಿಗೆ ಉಚಿತ ಶಿಕ್ಷಣ ಎನ್ನುತ್ತದೆ, ಸರಿ. ಆದರೆ ಬಿಐಇಆರ್‌ಟಿ ಮೇಡಂ (ಇಂಥ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕಿ) ಇಡೀ ಬ್ಲಾಕ್ ನೋಡಬೇಕು, ಪಾಪ. ಒಮ್ಮೆ ಮನೆಗೆ ಬಂದವರು ಫಾರಂ ಪಕ್ಕಕ್ಕಿಟ್ಟು, "ಇವನಿಗೆ ಯಾವ ಸದ್ದು ಆಗಲ್ಲಮ್ಮ?" ಅಂದರು. ಕುಕ್ಕರ್ ಸೀಟಿ, ಶಾಲೆ ಗಂಟೆ ಅಂದೆ. ಅದನ್ನು ಅವರೇ ಕ್ಲಾಸ್ ಟೀಚರ್‌ಗೆ ಹೇಳಿದರು. ಮರುದಿನವೇ ಅವನ ಜಾಗ ಬಾಗಿಲಿಂದ ದೂರ ಹೋಯಿತು. ಒಂದು ರೂಪಾಯಿ ಖರ್ಚಾಗಲಿಲ್ಲ ಅಲ್ವಾ? ಈಗ ಗಂಟೆ ಹೊಡೆಯುವ ಮುಂಚೆ ಟೀಚರ್ ಕೈಸನ್ನೆ ಮಾಡುತ್ತಾರೆ, ಇವನು ಕಿವಿ ಮುಚ್ಚಿಕೊಂಡು ನಗುತ್ತಾನೆ.