ಊಟದ ಟೈಮಲ್ಲಿ ಕಲಿಯೋ ಕೆಲಸ ಅಲ್ಲ ಇದು

ಮಧ್ಯಾಹ್ನದಿಂದ ತಲೆ ಕೆಟ್ಟು ಕೂತಿದೀನಿ, ಬರೆದು ಮುಗಿಸದೇ ಇದ್ರೆ ನಿದ್ದೆ ಬರಲ್ಲ. ಹಾಸನದ ಹತ್ರ ಒಂದು ಲೇಔಟ್ ಕೆಲಸ, ಯುಜಿಡಿ (ಒಳಚರಂಡಿ) ಪೈಪಿಗೆ ಟ್ರೆಂಚ್ ತೆಗೀತಾ ಇದ್ರು. ಆಪರೇಟರ್ ಊಟಕ್ಕೆ ಇಳಿದ, ಹೆಲ್ಪರ್ ಹುಡುಗ ಹತ್ತಿ ಕೂತ. 20 ಟನ್ನಿನ ಹಿಟಾಚಿ ಅದು, ಮಣ್ಣು ಅಗೆಯೋ ಮೆಷಿನ್. ಕೆಳಗೆ ಇಬ್ರು ಪೈಪ್ ಕೂರಿಸ್ತಾ ಇದಾರೆ, ಅವರ ತಲೆ ಮೇಲೇ ಮಣ್ಣು ತುಂಬಿದ ಬಕೆಟ್ ತಿರುಗ್ತಾ ಇದೆ.

ಕೂಗಿದೆ. ಹುಡುಗ ಗಾಬರಿಯಾಗಿ ಇಂಜಿನ್ ಆನ್ ಇರೋ ಹಂಗೇ, ಬಕೆಟ್ಟನ್ನ ಮೇಲೇ ಬಿಟ್ಟು ಇಳಿದು ಬಂದ. ಸೀಟಿನ ಎಡಗಡೆ ಒಂದು ಲಾಕ್ ಲಿವರ್ ಇರತ್ತೆ, ಇಳಿಯೋಕೆ ಮುಂಚೆ ಅದನ್ನ ಹಾಕಿದ್ರೆ ಮಾತ್ರ ಹೈಡ್ರಾಲಿಕ್ ಕಟ್ ಆಗೋದು. ಹಾಕದೇ ಇಳಿಯೋವಾಗ ಅಂಗಿ ತುದಿ ಜಾಯ್‌ಸ್ಟಿಕ್‌ಗೆ ಸಿಕ್ಕಿದ್ರೆ ಸಾಕು, ಇಡೀ ಮೆಷಿನ್ ತಿರುಗಿಬಿಡತ್ತೆ. "ಆ ಲಿವರ್ ಯಾಕಿದೆ ಗೊತ್ತೇನಪ್ಪಾ" ಅಂದೆ. "ಇಲ್ಲಣ್ಣ, ಅದನ್ನ ಮುಟ್ಬೇಡ ಅಂದಿದಾರೆ" ಅಂದ.

ಮುಟ್ಬೇಡ ಅಂದಿದಾರಂತೆ! ಜೀವ ಉಳಿಸೋ ಲಿವರ್ ಅದು, ಅದನ್ನೇ ಮುಟ್ಬೇಡ ಅಂತ ಹೇಳಿಕೊಟ್ಟಿದಾರೆ.

ಹುಡುಗನ ಮೇಲೆ ನಂಗೆ ಸಿಟ್ಟಿಲ್ಲ. ಗ್ರೀಸ್ ವಿಷಯ ಕೇಳಿದೆ, ಯಾವ ಪಿನ್ನಿಗೆ ಎಷ್ಟು ಹೊಡೀಬೇಕು, ಯಾವ ಬುಷ್ ಸವೆದಿದೆ, ಯಾವ ಹೋಸಲ್ಲಿ ಆಯಿಲ್ ಜಿನುಗ್ತಾ ಇದೆ, ಎಲ್ಲಾ ಪಟಪಟ ಅಂತ ಹೇಳ್ದ. ಕಣ್ಣಿದೆ, ಕಿವಿ ಇದೆ, ಆಸೆ ಇದೆ. ಆದ್ರೆ ಅವನಿಗೆ ಸಂಬಳ ಇಲ್ಲ, ಬತ್ತಾ ಮತ್ತೆ ಊಟ ಅಷ್ಟೇ, ಯಾಕಂದ್ರೆ "ಕಲೀತಾ ಇದಾನಲ್ಲ". ಯಾವಾಗ ಸ್ವಾಮಿ ಕಲೀತಾ ಇರೋದು? ಬೆಳಗ್ಗೆಯಿಂದ ಸಂಜೆ ತನಕ ಡೀಸೆಲ್ ಕ್ಯಾನ್ ಹೊತ್ಕೊಂಡು, ಗ್ಲಾಸ್ ಒರೆಸ್ಕೊಂಡು, ಆಪರೇಟರ್‌ಗೆ ಟೀ ತಂದುಕೊಟ್ಕೊಂಡು ಇರ್ತಾನೆ, ಕಲಿಕೆ ಅಂತ ಸಿಗೋದು ಇನ್ನೊಬ್ಬನ ಊಟದ ಟೈಮು, ಅದೂ ಓನರ್ ಸೈಟಲ್ಲಿ ಇಲ್ದೇ ಇದ್ರೆ.

ನಾನೂ ಅದೇ ಸೀಟಿಂದ ಇಳಿದು ಸೂಪರ್‌ವೈಸರ್ ಆದೋನು ಅಂತ ನಿಮಗೆಲ್ಲಾ ಗೊತ್ತು. ಇದನ್ನ ಇಲ್ಲೀವರೆಗೂ ಬರೆದಿರ್ಲಿಲ್ಲ, ನನ್ನ ಜೊತೆ ಹೆಲ್ಪರ್ ಆಗಿದ್ದೋನು ಬಂಡೆ ಒಡೆಯೋ ಬ್ರೇಕರ್ ತೆಗೆದು ಬಕೆಟ್ ಹಾಕುವಾಗ ಪಿನ್ನಿನ ತೂತು ಸೇರಿದೆಯಾ ಅಂತ ಬೆರಳು ಹಾಕಿ ನೋಡ್ದ. ಮೇಲೆ ಸೀಟಲ್ಲಿದ್ದ ಆಪರೇಟರ್‌ಗೆ ಅದು ಕಾಣಲಿಲ್ಲ, ಮೆಷಿನ್ ಅಲ್ಲಾಡಿಸ್ದ. ಎರಡು ಬೆರಳು ಹೋಯ್ತು. ಓನರ್ ಆಸ್ಪತ್ರೆ ಬಿಲ್ ಕಟ್ಟಿ ಊರಿಗೆ ಕಳಿಸಿದ್ರು, ಅಲ್ಲಿಗೆ ಮುಗೀತು. ಪಿನ್ನಿನ ತೂತಿಗೆ ಬೆರಳು ಹಾಕ್ಬಾರ್ದು ಅಂತ ಅವನಿಗೆ ಯಾರೂ ಹೇಳಿರ್ಲಿಲ್ಲ, ನನಗೂ ಹೇಳಿರ್ಲಿಲ್ಲ.

ಕಾನೂನು ಇಲ್ಲ ಅಂತಲ್ಲ. ಅಪ್ರೆಂಟಿಸ್ ಕಾಯ್ದೆ 1961ರಿಂದ ಇದೆ. ಅದರ ಪ್ರಕಾರ ಅಪ್ರೆಂಟಿಸ್ ಅಂದ್ರೆ ಬರೆದು ಸಹಿ ಹಾಕಿದ ಒಪ್ಪಂದ ಇರ್ಬೇಕು, ತಿಂಗಳು ತಿಂಗಳು ಸ್ಟೈಪೆಂಡ್ ಕೊಡ್ಬೇಕು, ತರಬೇತಿ ವೇಳೆ ಗಾಯ ಆದ್ರೆ ಮಾಲೀಕನೇ ಪರಿಹಾರ ಕೊಡ್ಬೇಕು. 2019ರ ತಿದ್ದುಪಡಿಲಿ ಓದಿನ ಮೇಲೆ ಕನಿಷ್ಠ 5,000ದಿಂದ 9,000 ರೂಪಾಯಿ ಅಂತ ಮಾಡಿದ್ರು. 2016ರಲ್ಲಿ ಬಂದ ಕೇಂದ್ರದ ಸ್ಕೀಮಲ್ಲಿ ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1,500 ತನಕ, ಸರ್ಕಾರವೇ ಭರಿಸತ್ತೆ. ಬ್ಯಾಕ್‌ಹೋ (ಜೆಸಿಬಿ ಥರದ್ದು), ಎಕ್ಸ್‌ಕವೇಟರ್ (ಹಿಟಾಚಿ ಥರದ್ದು) ಆಪರೇಟರ್ ಏನೇನು ಕಲೀಬೇಕು ಅಂತ ನಿಗದಿ ಮಾಡೋಕೆ ಒಂದು ಸ್ಕಿಲ್ ಕೌನ್ಸಿಲ್ಲೇ ಇದೆ. ಧಾರವಾಡದಲ್ಲಿ ಟಾಟಾ ಹಿಟಾಚಿ, ಕೆಜಿಎಫಲ್ಲಿ ಬಿಇಎಂಎಲ್, ಮೆಷಿನ್ ತಯಾರಾಗೋದೂ ನಮ್ಮ ರಾಜ್ಯದಲ್ಲೇ.

ಮತ್ತೆ ಈ ಹುಡುಗನಿಗೆ ಯಾಕೆ ಏನೂ ಸಿಗಲಿಲ್ಲ? ಅವನು ಯಾರ ಲೆಕ್ಕದಲ್ಲೂ ಇಲ್ಲ, ಅದಕ್ಕೆ. 30 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಕಂಪನಿ ಅಪ್ರೆಂಟಿಸ್ ತಗೊಳ್ಳಲೇಬೇಕು ಅಂತಿದೆ ನಿಯಮ. ಆದ್ರೆ ದೊಡ್ಡ ಕಂಟ್ರಾಕ್ಟರ್ ಮೆಷಿನ್ ಇಟ್ಕೊಳ್ಳೋದೇ ಕಮ್ಮಿ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕರೀತಾನೆ, ಮೆಷಿನ್ ಜೊತೆ ಆಪರೇಟರ್, ಆಪರೇಟರ್ ಜೊತೆ ಹೆಲ್ಪರ್ ಬರ್ತಾನೆ. ಆ ಮೆಷಿನ್ ಓನರ್ ಹತ್ರ ಇರೋದು ಒಂದೋ ಎರಡೋ ಮೆಷಿನ್, ಇಬ್ರೋ ಮೂವರೋ ಆಳು. 4 ಜನಕ್ಕಿಂತ ಕಮ್ಮಿ ಇದ್ರೆ ಆ ಕಾಯ್ದೇಲಿ ಅಪ್ರೆಂಟಿಸ್ ತಗೊಳ್ಳೋಕೇ ಬರಲ್ಲ. ನಮ್ಮ ಕಡೆ ಹುಡುಗರು ಕಲಿಯೋದು ಇಂಥೋರ ಹತ್ರಾನೇ, ಕಾನೂನು ತಲುಪದೇ ಇರೋದೂ ಇಲ್ಲಿಗೇ.

"ನಾವೆಲ್ಲಾ ಹಂಗೇ ಕಲ್ತಿದ್ದು, ಏನಾಗಿದೆ ನಮಗೆ?" ಅಂತ ಇವತ್ತು ಆ ಆಪರೇಟರೂ ಅಂದ. ಏನೂ ಆಗದೇ ಇದ್ದೋರು ಮಾತ್ರ ಹಂಗೆ ಹೇಳೋಕೆ ಉಳಿದಿರೋದು ಮಾರಾಯ. ಬೆರಳು ಹೋದೋನು ಊರಲ್ಲಿ ದನ ನೋಡ್ಕೊಂಡಿದಾನೆ, ಅವನನ್ನ ಯಾರೂ ಕೇಳಲ್ಲ. ಕೈ ಕೆಲಸ ಲಿವರ್ ಹಿಡಿದೇ ಬರೋದು ಅನ್ನೋದು ಒಪ್ತೀನಿ, ಪುಸ್ತಕ ಓದಿ ಯಾರೂ ಬಕೆಟ್ಟಲ್ಲಿ ಲೆವೆಲ್ ಮಾಡಲ್ಲ. ಆದ್ರೆ 1.5 ಮೀಟರ್‌ಗಿಂತ ಆಳ ಹೋದ್ರೆ ಟ್ರೆಂಚ್ ಪಕ್ಕಕ್ಕೆ ಆಸರೆ ಕಟ್ಬೇಕು, ತೆಗೆದ ಮಣ್ಣನ್ನ ಅಂಚಿಗೇ ಸುರೀಬಾರ್ದು, ಮೇಲೆ ಕರೆಂಟ್ ಲೈನ್ ಇದ್ರೆ ಬೂಮ್ (ಮೆಷಿನ್ನಿನ ಉದ್ದ ಕೈ) ಎತ್ತೋಕೆ ಮುಂಚೆ ಇಳಿದು ನೋಡ್ಬೇಕು, ಇದೆಲ್ಲಾ ಲಿವರ್ ಹಿಡಿದ ತಕ್ಷಣ ಬರಲ್ಲ, ಯಾರಾದ್ರೂ ಕೂರಿಸ್ಕೊಂಡು ಹೇಳ್ಬೇಕು. ಜರ್ಮನಿಲಿ ಇದೇ ಕೆಲಸಕ್ಕೆ 3 ವರ್ಷದ ಅಪ್ರೆಂಟಿಸ್‌ಶಿಪ್, ಸಂಬಳ ಕೊಟ್ಟು ಕಲಿಸ್ತಾರೆ. ನಮ್ಮಲ್ಲಿ ಒಂದು ವರ್ಷನಾದ್ರೂ ಬೇಡ್ವಾ?

ಓನರ್ ಕಷ್ಟಾನೂ ಗೊತ್ತು, ಇಎಂಐ ಕಟ್ಬೇಕು, ಮೀಟರ್ ಓಡಿದ್ರೇ ದುಡ್ಡು, ಕಲಿಯೋನಿಗೆ ಮೆಷಿನ್ ಕೊಟ್ರೆ ಆ ಗಂಟೆಗೆ ಬಾಡಿಗೆ ಕೊಡೋರು ಯಾರು? ಅದಕ್ಕೇ ಒಬ್ಬೊಬ್ರೇ ಮಾಡೋಕಾಗಲ್ಲ ಅನ್ನೋದು. ತಾಲೂಕಿನ ಓನರ್‌ಗಳೆಲ್ಲಾ ಒಂದು ಸಂಘ ಅಂತ ಸೇರಿ ಹುಡುಗರನ್ನ ಸಂಘದ ಹೆಸರಲ್ಲೇ ತಗೊಳ್ಳೋ ಹಂಗೆ ಸರ್ಕಾರ ನಿಯಮ ಮಾಡ್ಲಿ, ಕಲಿಯೋ ಗಂಟೆಗಳ ಡೀಸೆಲ್ ಖರ್ಚು ಕಾಮಗಾರಿ ಎಸ್ಟಿಮೇಟಲ್ಲೇ ಸೇರ್ಲಿ. ಕೋಟಿಗಟ್ಲೆ ಟೆಂಡರಲ್ಲಿ ಅದು ಯಾವ ದೊಡ್ಡ ಮೊತ್ತ?

ನನ್ನ ಫ್ರೆಂಡ್ ಲಿಸ್ಟಲ್ಲಿ ಪಿಡಬ್ಲ್ಯೂಡಿ, ನೀರಾವರಿ ಇಂಜಿನಿಯರ್‌ಗಳು ಇದೀರಿ, ಎಸ್ಟಿಮೇಟ್ ಬರೆಯೋ ಕೈ ನಿಮ್ದು. ಬಾಡಿಗೆ ಮೆಷಿನ್ ಜೊತೆ ಬರೋ ಹೆಲ್ಪರ್ ಹೆಸರು ಕಂಟ್ರಾಕ್ಟರ್ ರಿಜಿಸ್ಟರಲ್ಲಿ ಇರ್ಲೇಬೇಕು ಅಂತ ಒಂದು ಕಂಡೀಷನ್ ಹಾಕೋಕೆ ಏನು ಅಡ್ಡಿ ಇದೆ? ಇದ್ರೆ ಇಲ್ಲೇ ಹೇಳಿ, ನಾಳೆ ರಜೆ ಹಾಕಿದೀನಿ, ಯಾವ ಆಫೀಸಿಗೆ ಬೇಕಾದ್ರೂ ಬರ್ತೀನಿ.