ಸಂತೋಷ ಎಂಬ ಊರು

ಫುಟ್‌ಬಾಲ್‌ನ ಸಂತೋಷ್ ಟ್ರೋಫಿ ಗೆದ್ದವರಿಗೆ ಸಂತೋಷವಾಗುತ್ತದೆ, ಅದಕ್ಕೇ ಆ ಹೆಸರು ಎಂದು ಚಿಕ್ಕಂದಿನಲ್ಲಿ ನಂಬಿದ್ದೆ. ಹಾಗಾದರೆ ಸೋತವರಿಗೆ ದುಃಖ ಟ್ರೋಫಿ ಕೊಡುತ್ತಾರೆಯೇ ಎಂದು ಕೇಳಿ ಅಪ್ಪನಿಂದ ಬೈಸಿಕೊಂಡದ್ದೂ ಉಂಟು. ಎಷ್ಟೋ ವರ್ಷಗಳ ಮೇಲೆ ತಿಳಿಯಿತು, ಸಂತೋಷ ಒಂದು ಊರು. ಈಗಿನ ಬಾಂಗ್ಲಾದೇಶದ ಟಾಂಗೈಲ್ ಬಳಿ ಇದೆ. ಅಲ್ಲಿನ ರಾಜ ಮನ್ಮಥನಾಥ ರಾಯ್ ಚೌಧರಿ ಕಲ್ಕತ್ತೆಯ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿದ್ದವರು. ಅವರ ನೆನಪಿಗಾಗಿ ಇಟ್ಟ ಈ ಕಪ್‌ಗಾಗಿ 1941ರಿಂದ ರಾಜ್ಯ ರಾಜ್ಯಗಳು ಸೆಣಸುತ್ತಿವೆ.

ದುಃಖ ಟ್ರೋಫಿ ಮಾತ್ರ ಇಲ್ಲ. ಎರಡನೆಯವರಿಗೆ ಕಮಲಾ ಗುಪ್ತ ಟ್ರೋಫಿ, ಮೂರನೆಯವರಿಗೆ ಸಂಪಂಗಿ ಕಪ್. ಈ ಸಂಪಂಗಿ ನಮ್ಮವರೇ. ಹಳೆಯ ಮೈಸೂರು ತಂಡದ ಹೆಸರಾಂತ ಆಟಗಾರ. ಅವರ ಹೆಸರಿನ ಕಪ್ ಕೊಟ್ಟದ್ದೂ ಮೈಸೂರಿನ ಫುಟ್‌ಬಾಲ್ ಸಂಸ್ಥೆಯೇ. ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಎದ್ದು ನಿಂತಿರುವುದು ಸಂಪಂಗಿ ಕೆರೆಯಂಗಳದಲ್ಲಿ ಎಂಬುದು ಬೇರೆ ಮಾತು, ಆದರೂ ನೆನಪಾಗದೆ ಇರುವುದಿಲ್ಲ. ಊರಿಗೆಲ್ಲ ಸಮಾಧಾನದ ಬಹುಮಾನ ಮಾಡಿಸಿಕೊಟ್ಟ ನಾವು ಕೊನೆಗೆ ಬರೀ ಸಮಾಧಾನದಲ್ಲೇ ದಿನ ದೂಡಿದೆವು. 1946-47ರಲ್ಲಿ ಬಂಗಾಳವನ್ನು ಮಣಿಸಿ ಮೊದಲ ಸಲ ಗೆದ್ದದ್ದು, ಆಮೇಲೆ 1952-53, 1967-68, 1968-69. ಅಲ್ಲಿಗೆ ನಿಂತಿತು. ನಾಲ್ಕೂ ಸಲ ಗೆದ್ದದ್ದು ಮೈಸೂರು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟೆವು; ಹೊಸ ಹೆಸರು ಆ ಕಪ್‌ಗೆ ಪರಿಚಯವೇ ಆಗಲಿಲ್ಲ.

2022-23ರ ಸಾಲಿನಲ್ಲಿ ಒಂದು ವಿಚಿತ್ರ ನಡೆಯಿತು. ಭುವನೇಶ್ವರದಲ್ಲಿ ಗುಂಪು ಹಂತ ಮುಗಿಸಿ, ಸೆಮಿಫೈನಲ್ ಮತ್ತು ಫೈನಲ್ ಆಡಲು ತಂಡಗಳು ಸೌದಿ ಅರೇಬಿಯಾದ ರಿಯಾದ್‌ಗೆ ವಿಮಾನ ಹತ್ತಿದವು. ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸಲು ರಾಷ್ಟ್ರವನ್ನೇ ದಾಟುವುದು! ಮದುವೆ ನಮ್ಮೂರಿನದು, ಛತ್ರ ಪರದೇಶದಲ್ಲಿ. ಸೆಮಿಫೈನಲ್‌ನಲ್ಲಿ ಸೇನಾಪಡೆಗಳ ಸರ್ವಿಸಸ್ ತಂಡವನ್ನು 3-1ರಿಂದ ಸೋಲಿಸಿದ ಕರ್ನಾಟಕಕ್ಕೆ ಮಾರ್ಚ್ 4ರಂದು, ಕಿಂಗ್ ಫಹದ್ ಕ್ರೀಡಾಂಗಣದಲ್ಲಿ, ಎದುರಾದದ್ದು ಮೇಘಾಲಯ. ಅವರಿಗೆ ಅದು ಮೊದಲ ಫೈನಲ್.

ಎರಡನೆಯ ನಿಮಿಷಕ್ಕೇ ಸುನಿಲ್ ಕುಮಾರ್ ಗೋಲು ಹೊಡೆದರು. ಇಷ್ಟು ಬೇಗ ಸಿಕ್ಕ ಭಾಗ್ಯವನ್ನು ನಂಬಬಾರದೆಂದು ಅಂದುಕೊಳ್ಳುವಷ್ಟರಲ್ಲಿ ಮೇಘಾಲಯ ಪೆನಾಲ್ಟಿಯಲ್ಲಿ ಸಮ ಮಾಡಿತು. ಬೇಕೆ ಓರಾಂ ಮತ್ತೆ ಮುನ್ನಡೆ ತಂದರು, ವಿರಾಮಕ್ಕೆ ತುಸು ಮೊದಲು ರಾಬಿನ್ ಯಾದವ್ ಇನ್ನೊಂದು ಸೇರಿಸಿದರು. ವಿರಾಮದ ನಂತರ ಮೇಘಾಲಯ ಇನ್ನೊಂದು ಹೊಡೆದು 3-2. ಆಮೇಲಿನ ಅರ್ಧ ಗಂಟೆ ಇದೆಯಲ್ಲ, ಅದು ಬಲು ಕೆಟ್ಟದ್ದು. ಸೋಲುತ್ತಿರುವವನಿಗೆ ಮಾಡಲು ಕೆಲಸವಿರುತ್ತದೆ. ಒಂದೇ ಗೋಲಿನಿಂದ ಮುಂದಿರುವವನಿಗೆ ಇರುವುದು ಗಡಿಯಾರ ಮಾತ್ರ. ಹಾಲು ಕಾಯಲು ಒಲೆಯ ಮುಂದೆ ನಿಂತವರಿಗೆ ಗೊತ್ತು ಆ ಸಂಕಟ. ಅಂತೂ ಹಾಲು ಉಕ್ಕಲಿಲ್ಲ. 54 ವರ್ಷಗಳ ಮೇಲೆ ಕಪ್ ನಮ್ಮದಾಯಿತು.

ಮಹಿಳಾ ಪ್ರೀಮಿಯರ್ ಲೀಗ್ ಕ್ರಿಕೆಟ್ ಶುರುವಾದದ್ದೂ ಅದೇ ದಿನ. ಜನರ ಕಣ್ಣು ಎತ್ತ ಇತ್ತೆಂದು ಬೇರೆ ಹೇಳಬೇಕಿಲ್ಲ. ಮರುದಿನ ಬೆಳಿಗ್ಗೆ ಸುದ್ದಿಯನ್ನು ಹಂಚಿಕೊಳ್ಳದೆ ಇರಲಾರದೆ ಚಹಾ ಅಂಗಡಿಗೆ ಹೋದೆ.

"ನೆನ್ನೆ ರಿಯಾದ್‌ನಲ್ಲಿ ನಮಗೆ ಸಂತೋಷ್ ಸಿಕ್ಕಿತು" ಎಂದೆ.

ಅಂಗಡಿಯವರು ಲೋಟ ತೊಳೆಯುವುದನ್ನು ನಿಲ್ಲಿಸಿ ಕಳವಳದಿಂದ ನನ್ನನ್ನು ನೋಡಿದರು. "ಪಾಪ, ಎಷ್ಟು ದಿನದಿಂದ ಕಾಣೆಯಾಗಿದ್ದ ಹುಡುಗ?"