‘ಸರ್’ ಎಂದ ಮೇಲೆ

ಇವತ್ತು ಬೆಳಿಗ್ಗೆ ಮೂರನೆಯ ಸಲ ಟೈಮರ್ ತಿರುಗಿಸಿ ಕುಳಿತು 11 ನಿಮಿಷವಾಗಿತ್ತು. ಕಂಪ್ಯೂಟರ್ ಪರದೆಯ ಬಲಮೂಲೆಯಲ್ಲಿ ‘ಸರ್’ ಎಂಬ ಒಂದೇ ಪದ ಟಣ್ಣೆಂದು ಮೂಡಿತು.

ಟೈಮರ್ ಟೊಮೆಟೊ ಆಕಾರದ್ದು. ಕಳೆದ ವಾರ ನಮ್ಮ ಕಚೇರಿಯಲ್ಲಿ ನಡೆದ ಏಕಾಗ್ರತೆಯ ಕಾರ್ಯಾಗಾರದಲ್ಲಿ, 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ವಿದ್ಯಾರ್ಥಿ ಅಡುಗೆಮನೆಯ ಇಂಥದೇ ಟೈಮರನ್ನು ಎದುರಿಗಿಟ್ಟುಕೊಂಡು ಓದಿದ ಕಥೆ ಕೇಳಿ ತರಿಸಿಕೊಂಡಿದ್ದೆ. 25 ನಿಮಿಷ ಒಂದೇ ಕೆಲಸ, ಬಳಿಕ 5 ನಿಮಿಷ ವಿರಾಮ. ನಡುವೆ ಕೈಬಿಟ್ಟರೆ ಮತ್ತೆ ಸೊನ್ನೆಯಿಂದ. ಸಿರಿಲ್ಲೊಗೆ ನಮ್ಮ ಲೆಕ್ಕವಿಭಾಗದ ಸಹೋದ್ಯೋಗಿ ಇರಲಿಲ್ಲವೆಂಬುದನ್ನು ತರಬೇತುದಾರರು ಹೇಳಲಿಲ್ಲ.

ಈ ಮಹಾಶಯರು ಒಂದು ವಿಷಯವನ್ನು ಒಂದೇ ಸಂದೇಶದಲ್ಲಿ ಮುಗಿಸಿದವರಲ್ಲ. ‘ಸರ್’ ಎಂದು ಬರೆದು, ಗುಡಿಯ ಗಂಟೆ ಬಾರಿಸಿ ದೇವರು ಕಣ್ತೆರೆಯಲೆಂದು ನಿಂತ ಭಕ್ತರಂತೆ ಕಾಯುತ್ತಾರೆ. ದೇವರು ಅಲುಗದಿದ್ದರೆ ‘ಇದ್ದೀರಾ?’ ಎಂದು ಬರುತ್ತದೆ, ಆಮೇಲೆ ‘ಬಿಜಿನಾ?’. ಅನಂತರ ಮೂರು ಚುಕ್ಕಿಗಳು ಕುಣಿಯತೊಡಗುತ್ತವೆ. ಏನೋ ದೊಡ್ಡದೇ ಬರುತ್ತಿರಬೇಕೆಂದು ನಾನು ವಾರ್ಷಿಕ ವರದಿಯನ್ನು ಬಿಟ್ಟು ಆ ಚುಕ್ಕಿಗಳನ್ನೇ ನೋಡುತ್ತೇನೆ. ಕಾರ್ಯಾಗಾರದಲ್ಲಿ ಉಸಿರಿನ ಮೇಲೆಯೂ ನನ್ನ ಗಮನ ಅಷ್ಟು ನಿಶ್ಚಲವಾಗಿ ನಿಂತಿರಲಿಲ್ಲ. ಚುಕ್ಕಿಗಳು ನಿಲ್ಲುತ್ತವೆ, ಏನೂ ಬರುವುದಿಲ್ಲ, ಮತ್ತೆ ಕುಣಿಯುತ್ತವೆ. ಕಡೆಗೆ ‘ಒಂದು ಸಣ್ಣ ವಿಷಯ ಇತ್ತು’ ಎಂದು ಬರುತ್ತದೆಯೇ ಹೊರತು ಆ ಸಣ್ಣ ವಿಷಯ ಮಾತ್ರ ಬರುವುದಿಲ್ಲ.

ಇವತ್ತು ನಾನು ಹಲ್ಲು ಕಚ್ಚಿಕೊಂಡು ಉತ್ತರಿಸಲಿಲ್ಲ. ಐದೇ ನಿಮಿಷದಲ್ಲಿ ಅವರು ಮೇಜಿನ ಬಳಿಯೇ ಬಂದು ನಿಂತರು.

“ಸರ್, ಮೆಸೇಜ್ ನೋಡ್ಲಿಲ್ವಾ?”

“ಹೇಳಿ.”

“ನಿಮ್ಮ ಚಾರ್ಜರ್ ಬೇಕಿತ್ತು. ಬೆಳಿಗ್ಗೆಯಿಂದ ಎಲ್ಲರಿಗೂ ಮೆಸೇಜ್ ಮಾಡಿ ಮಾಡಿ ಬ್ಯಾಟರಿ ಎರಡು ಪರ್ಸೆಂಟಿಗೆ ಬಂದಿದೆ.”

ಕೊಟ್ಟೆ. ಕೊಡದೆ ಇದ್ದಿದ್ದರೆ ಮಧ್ಯಾಹ್ನದವರೆಗಾದರೂ ನೆಮ್ಮದಿಯಿಂದ ಇರಬಹುದಿತ್ತೆಂದು ಹೊಳೆದದ್ದು ಅವರು ಹೋದ ಮೇಲೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಟಪಾಲು ದಿನಕ್ಕೊಂದು ಸಲ ಬರುತ್ತಿತ್ತು. ಅದನ್ನು ತರುತ್ತಿದ್ದ ವಯಸ್ಸಾದ ಜವಾನರು, ನಾನು ಬೆರಳು ಮಡಿಚುತ್ತ ಅಂಕಿ ಕೂಡುತ್ತಿರುವುದು ಕಂಡರೆ, ಬಾಗಿಲಲ್ಲೇ ನಿಂತು, ಮೊತ್ತವನ್ನು ಪೆನ್ಸಿಲಿನಲ್ಲಿ ಬರೆದಾದ ಮೇಲೆಯೇ ಒಳಗೆ ಬಂದು ಸದ್ದಿಲ್ಲದೆ ಕಾಗದಗಳನ್ನಿಟ್ಟು ಹೋಗುತ್ತಿದ್ದರು. ಅವರನ್ನು ಯಾರೂ ಯಾವ ಕಾರ್ಯಾಗಾರಕ್ಕೂ ಕಳುಹಿಸಿರಲಿಲ್ಲ.

ಸಂಜೆ ಟೊಮೆಟೊವನ್ನು ಮನೆಗೆ ತಂದು, ಅಡುಗೆಮನೆಯಲ್ಲಾದರೂ ಉಪಯೋಗಕ್ಕೆ ಬಂದೀತೆಂದು ಹೆಂಡತಿಯ ಕೈಗಿತ್ತೆ. ಅವಳು ತಿರುಗಿಸಿ ಮುರುಗಿಸಿ ನೋಡಿ, “ಬೇಳೆಗೆ ಮೂರು ಕೂಗು, ಅನ್ನಕ್ಕೆ ಎರಡು. ಇದು ಯಾತಕ್ಕೆ?” ಎಂದಳು.